ಎಡಕ್ಕೆಂದರೆ ಬಲಕ್ಕೆ

ಪಾಲಿಟೆಕ್ನಿಕ್ಕಿನ ಮರಗೆಲಸದ ಶೆಡ್ಡಿನಲ್ಲಿ
ನಾಲ್ಕು ತಿಂಗಳು ಉಜ್ಜಿದ್ದೆವು ಅದನ್ನು.
ತುದಿಯಿಂದ ತುದಿಗೆ ಒಂದೂವರೆ ಮಾರು ರೆಕ್ಕೆ,
ತೂಕ ಎರಡು ಕೆಜಿಗೆ ಒಂದು ಈರುಳ್ಳಿ ಕಮ್ಮಿ.
ಇನ್ನೊಂದು ಸಲ ಉಜ್ಜಿ, ಇನ್ನೂ ಹಗುರಾಗಲಿ ಎಂಬ ದುರಾಸೆ ನನ್ನದು.
"ಸಾಕು ಮೇಡಂ, ಮರಕ್ಕೂ ಒಂದು ಮಾನ ಇರ್ತದೆ" ಅಂದಿದ್ದರು
ಧರಣೇಂದ್ರಯ್ಯ. ರಿಟೈರಾಗಿ ಆರು ವರ್ಷ,
ಇನ್ನೂ ಒಂಬತ್ತಕ್ಕೆ ಸರಿಯಾಗಿ ಶೆಡ್ಡಿನ ಬೀಗದ ಮುಂದೆ ನಿಲ್ಲುತ್ತಾರೆ,
ಹಲಗೆಯ ಮೇಲೆ ಉಗುರೆಳೆದು ಕಿವಿಗೊಡುತ್ತಾರೆ.
ನಾನು ಕಿವಿಗೊಡಲಿಲ್ಲ.

ಭುವನಹಳ್ಳಿಯ ಬಯಲು, ಭಾನುವಾರ, ಆರೂಕಾಲು.
ರಿಮೋಟು ತಸ್ಮಿಯಾಳ ಕೈಯಲ್ಲಿ;
ಎರಡನೇ ವರ್ಷದ ಹುಡುಗಿ, ಹೆಬ್ಬೆರಳು ಸೂಜಿಯಷ್ಟು ಚುರುಕು.
ಮೊದಲು ಅದು ಹೇಳಿದ ಮಾತು ಕೇಳಿತು.
ಎಡ ಅಂದರೆ ಎಡ, ಬಲ ಅಂದರೆ ಬಲ,
ತುದಿಗಳು ಮೇಲಕ್ಕೆ ಬಾಗಿ
ಬೊಗಸೆಯಲ್ಲಿ ಗಾಳಿ ಹಿಡಿದ ಹಾಗೆ.
ಚೆಂದ ಕಂಡಿತು. ಚೆಂದ ಕಂಡದ್ದಕ್ಕೇ
"ಮೂತಿ ತಗ್ಗಿಸು, ವೇಗ ಬರಲಿ" ಅಂದೆ.

ಇಳಿಯುತ್ತ ಇಳಿಯುತ್ತ ಸಿಳ್ಳೆ ಶುರುವಾಯಿತು.
ತಸ್ಮಿಯಾ ಎಡಕ್ಕೆ ಒತ್ತಿದಳು.
ಒಂದು ಗಳಿಗೆ ಏನೂ ಇಲ್ಲ,
ಎಡವೂ ಇಲ್ಲ, ಬಲವೂ ಇಲ್ಲ,
ಫೋನಿನಾಚೆ ಯಾರೋ ಸುಮ್ಮನೆ ಉಸಿರಾಡಿದಂತೆ.
ಆಮೇಲೆ ಬಲಕ್ಕೆ ವಾಲಿತು.
ಇನ್ನೂ ಎಡಕ್ಕೆ ಒತ್ತಿದಳು; ಇನ್ನೂ ಬಲಕ್ಕೆ.
"ಮೇಡಂ, ನಾನು ಎಡಕ್ಕೇ ಒತ್ತಿದೀನಿ, ನೋಡಿ, ಎಡಕ್ಕೇ!"
ನೋಡಿದೆ. ಬೆರಳು ಎಡಕ್ಕೇ ಇತ್ತು.

ಬಿದ್ದದ್ದು ಜವರಮ್ಮನ ಆಲೂಗೆಡ್ಡೆ ಹೊಲದಲ್ಲಿ.
ಎರಡು ಸಾಲು ಹಾಳು, ಮುನ್ನೂರು ರೂಪಾಯಿ, ಮೇಲೆ ಬೈಗುಳ.
ಬೈಗುಳ ಮುಗಿದ ಮೇಲೆ ಮುರಿದ ರೆಕ್ಕೆಯನ್ನೆತ್ತಿ
ಎರಡೂ ಕೈಯಲ್ಲಿ ಒದ್ದೆ ಬಟ್ಟೆಯ ಹಾಗೆ ಹಿಂಡಿ ನೋಡಿದಳು.
"ಇದು ಕಾವು ಸಡ್ಲಾದ ಗುದ್ದಲಿ ಕಣವ್ವ.
ಮೆಲ್ಲಗೆ ಹಾಕಿದ್ರೆ ಅಗೀತದೆ.
ಬಲವಾಗಿ ಹಾಕು, ಬಾಯಿ ತಿರುಗ್ಕೊತದೆ."

ಹದಿನಾಲ್ಕು ವರ್ಷ ಪಾಠ ಹೇಳಿದವಳು
ಬದುವಿನ ಮೇಲೆ ಕೂತೆ.

ಸೋಮವಾರ ಬೋರ್ಡಿನ ಮೇಲೆ ಬರೆದದ್ದು ಅಷ್ಟೇ.
ಎಡಕ್ಕೆ ಹೊರಳಬೇಕಾದರೆ ಬಲರೆಕ್ಕೆ ಏಳಬೇಕು.
ಅದರ ಹಿಂಚಿನ ಪಟ್ಟಿ ಕೆಳಗಿಳಿಯುತ್ತದೆ,
ಗಾಳಿ ಆ ಪಟ್ಟಿಯನ್ನು ಮೇಲಕ್ಕೆ ನೂಕುತ್ತದೆ.
ರೆಕ್ಕೆ ಗಟ್ಟಿಯಿದ್ದರೆ ಇಡೀ ರೆಕ್ಕೆ ಏಳುತ್ತದೆ.
ಸಡಿಲವಿದ್ದರೆ ಹಿಂಚು ಮಾತ್ರ ಏಳುತ್ತದೆ, ಮುಂಚು ತಗ್ಗುತ್ತದೆ;
ತಗ್ಗಿದ ರೆಕ್ಕೆಯನ್ನು ಗಾಳಿ ಕೆಳಕ್ಕೆ ತಳ್ಳುತ್ತದೆ.
ವೇಗ ಹೆಚ್ಚಿದಷ್ಟೂ ತಿರುಚು ಹೆಚ್ಚು,
ಒಂದು ವೇಗದಲ್ಲಿ ಪಟ್ಟಿ ಕೊಟ್ಟದ್ದನ್ನೆಲ್ಲ ತಿರುಚು ತಿಂದುಬಿಡುತ್ತದೆ,
ಅದರಾಚೆ ಸಾಲ.

ಹಿಂದಿನ ಬೆಂಚಿನವನು ಕೇಳಿದ:
"ಹಾಗಾದ್ರೆ ಬಾಗಲೇ ಬಾರದಾ ಮೇಡಂ?"
ಉತ್ತರ ಕೊಟ್ಟವರು ಬಾಗಿಲಲ್ಲಿ ನಿಂತಿದ್ದ ಧರಣೇಂದ್ರಯ್ಯ:
"ಬಾಗೋದು ಬೇರೆ, ತಿರುಚೋದು ಬೇರೆ ಮಗ.
ಬಿದಿರು ಬಾಗ್ತದೆ. ಬಿದಿರನ್ನ ಹಿಂಡು ನೋಡೋಣ."

ಹೊಸ ರೆಕ್ಕೆಗೆ ತೆಳು ಹಲಗೆಯನ್ನು ಅವರೇ ಹೊದಿಸಿದರು,
ಎಳೆ ಉದ್ದಕ್ಕಲ್ಲ, ಅಡ್ಡಕ್ಕಲ್ಲ, ಓರೆಗೆ;
ಒಳಪದರ ಒಂದು ಕಡೆ ಓರೆ, ಹೊರಪದರ ಇನ್ನೊಂದು ಕಡೆ,
ಅತ್ತ ತಿರುಚಿದರೆ ಇದು ಹಿಡಿಯಬೇಕು, ಇತ್ತ ತಿರುಚಿದರೆ ಅದು.
ಪಟ್ಟಿಗಳನ್ನು ತುದಿಯಿಂದ ಒಂದು ಗೇಣು ಒಳಕ್ಕೆ ತಂದೆವು.
ತೂಕ ನಾಲ್ಕು ಈರುಳ್ಳಿ ಜಾಸ್ತಿಯಾಯಿತು.
ನಾನು ತುಟಿ ಬಿಚ್ಚಲಿಲ್ಲ.

ಮತ್ತೆ ಭುವನಹಳ್ಳಿ. ಗೆಡ್ಡೆ ಕಿತ್ತಾಗಿತ್ತು,
ಜವರಮ್ಮ ಖಾಲಿ ಚೀಲದ ಮೇಲೆ ಕೂತು ಕಡ್ಡಿಪುಡಿ ಹಾಕುತ್ತಿದ್ದಳು.
ಮೂತಿ ತಗ್ಗಿತು. ಸಿಳ್ಳೆ ಬಂತು.
ತುದಿಗಳು ಹಿಂದಿನಂತೆಯೇ ಮೇಲಕ್ಕೆ ಬಾಗಿದ್ದವು.
ತಸ್ಮಿಯಾ ನನ್ನ ಮುಖ ನೋಡಿದಳು,
ಎಡಕ್ಕೆ ಒತ್ತಿದಳು.

ಆ ಅರೆ ಗಳಿಗೆ
ಬಯಲಲ್ಲಿ ಯಾರಿಗೂ ಎಡ ಯಾವುದೆಂದು ಗೊತ್ತಿರಲಿಲ್ಲ.